ಮುರಗೆಪ್ಪ & ಸನ್ಸ್ ಹಿಂದಿನ ಮನೆ

“ಐದನ್ನೂ ಎಸ್ಕೇಪ್ ಮಾಡ್ತೇನಿ, ಒಂದೂ ಉಳಸೂದಿಲ್ಲ” ಎಂದು ಅಕ್ಷತಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿದ್ದಾಗ ಬಸಗೊಂಡಪ್ಪ ಕುರ್ಚಿಯಿಂದ ಧಡಕ್ಕನೆ ಎದ್ದರು. ರಬಕವಿಯ ಆ ನೇಕಾರ ಸಂಘಕ್ಕೆ ನಿರ್ದೇಶಕರೂ ಐದೇ ಮಂದಿ. ಕಾರ್ಯದರ್ಶಿಯಾದ ತಮ್ಮೊಬ್ಬರನ್ನೇ ಬಿಟ್ಟು ಎಲ್ಲರೂ ಪರಾರಿಯಾಗುತ್ತಿದ್ದಾರೆಂದು ತಿಳಿದು ಅವರು ಬಾಗಿಲಿಗೆ ಅಡ್ಡ ನಿಂತರು.

“ಯಾರ್ನ ಓಡಸಾಕತ್ತೀ ಬೇ?”

“ಮಂದಿ ಅಲ್ರಿ ಕಾಕಾ, ಚಿಹ್ನಿ.”

ಅದು 2010. ಸಂಘದ ನಾಲ್ಕುನೂರ ಹನ್ನೆರಡು ನೇಕಾರರ ಪಟ್ಟಿ ಅಂದು ಸಂಜೆ ಐದರೊಳಗೆ ಆರೋಗ್ಯ ಕಾರ್ಡಿನ ಕಚೇರಿಗೆ ಇಂಟರ್ನೆಟ್ಟಿನಲ್ಲಿ ಹೋಗಬೇಕಿತ್ತು. ಕಣ್ಣಿಗೆ ಪೊರೆ ಬಂದು, ಎಳೆ ಕಾಣದೆ ಮಗ್ಗ ನಿಲ್ಲಿಸಿ ಕೂತಿದ್ದ ತಂಗೆವ್ವನ ಆಪರೇಶನ್ ಆ ಕಾರ್ಡನ್ನೇ ನೆಚ್ಚಿಕೊಂಡಿತ್ತು. ಆದರೆ ಮೂರು ಸಲ ಕಳಿಸಿದರೂ ಆಚೆಯ ಯಂತ್ರ ಇಡೀ ಪಟ್ಟಿಯನ್ನು ವಾಪಸ್ ನೂಕಿತ್ತು.

ಚಿಮ್ಮಡದಿಂದ ದಿನಾ ಟಂಟಂ ಹತ್ತಿ ಬರುವ ಅಕ್ಷತಾ ಎರಡು ವರ್ಷದಿಂದ ಸಂಘದ ಪ್ರೋಗ್ರಾಮುಗಳನ್ನೆಲ್ಲ ಬರೆಯುತ್ತಿದ್ದಳು. ಬಸಗೊಂಡಪ್ಪನವರ ಬಾಯಲ್ಲಿ ಮಾತ್ರ ಇನ್ನೂ ‘ನಮ್ಮ ಟೈಪಿಸ್ಟ್’. ಸಾಲು ಸಾಲು ಜಾಲಾಡಿ ಕಳ್ಳನನ್ನು ಹಿಡಿದವಳು ಅವಳೇ. ತಂಗೆವ್ವನ ವಿಳಾಸ ‘ಮುರಗೆಪ್ಪ & ಸನ್ಸ್ ಅಂಗಡಿ ಹಿಂದೆ’. ಎಕ್ಸ್‌ಎಂಎಲ್ ಎಂಬ ಆ ಫೈಲಿನ ಭಾಷೆಯಲ್ಲಿ & ಬರೀ ಅಕ್ಷರವಲ್ಲ, ಅಪ್ಪಣೆ. ಅದನ್ನು ಕಂಡ ಯಂತ್ರ ಮುಂದೊಂದು ಸಂಕೇತ ಬರುತ್ತದೆಂದು ಕಾಯುತ್ತದೆ. ‘ಸನ್ಸ್’ ಬಂದರೆ ತಲೆಕೆಟ್ಟು ಎಲ್ಲವನ್ನೂ ಒಗೆಯುತ್ತದೆ.

“ಆ ಜಿಲೇಬಿ ತಗದ ಒಗಿ” ಅಂದರು ಬಸಗೊಂಡಪ್ಪ.

“ರೇಶನ್ ಕಾರ್ಡಿನ್ಯಾಗ ಹಂಗ ಐತ್ರಿ. ಒಂದಕ್ಕೊಂದು ಕೂಡ್ಲಿಲ್ಲಂದ್ರ ಆಕಿಗೆ ಕಾರ್ಡ್ ಸಿಗೂದಿಲ್ಲ.”

“ಹಂಗಾರ ಆಕೀನ್ನ ತಗದ ಒಗಿ! ಒಬ್ಬಾಕಿ ಸಲುವಾಗಿ ನಾಕನೂರ ಮಂದಿ ಕುಂಡ್ರೂದೇನು?”

“ಆಕೀದೇನ್ ತಪ್ಪೈತ್ರಿ? ಪ್ರೋಗ್ರಾಮ್ ಬರದಾಕಿ ನಾನು. ತಪ್ಪ ನಂದು.”

‘ತಪ್ಪ ನಂದು’ ಎಂಬ ಮಾತನ್ನು ಬಸಗೊಂಡಪ್ಪ ತಮ್ಮ ಇಪ್ಪತ್ತು ವರ್ಷದ ಸೇವೆಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ, ತಮ್ಮ ಬಾಯಿಂದಂತೂ ಇಲ್ಲವೇ ಇಲ್ಲ. ಅವರು ಬಾಗಿಲು ಬಿಟ್ಟು ಸರಿದರು.

ಅಕ್ಷತಾ ಪಟ್ಟಿಯನ್ನು ಮುಟ್ಟಲಿಲ್ಲ, ಪ್ರೋಗ್ರಾಮನ್ನೇ ತಿದ್ದಿದಳು. & ಬಂದಲ್ಲೆಲ್ಲ ಫೈಲಿನಲ್ಲಿ &amp; ಎಂದು ಬರೆಯಬೇಕು; ಆಚೆಯವರು ತೆರೆದಾಗ ಮತ್ತೆ ಬರೀ & ಕಾಣುತ್ತದೆ. ಹೀಗೇ ಗೋಳು ಕೊಡಬಲ್ಲ <, >, ಒಂಟಿ ಮತ್ತು ಜೋಡಿ ಉದ್ಧರಣ ಚಿಹ್ನೆಗಳಿಗೂ ಒಂದೊಂದು ಸಂಕೇತ ಕೊಟ್ಟಳು; ಅವಳ ಕಸುಬಿನಲ್ಲಿ ಇದಕ್ಕೇ ‘ಎಸ್ಕೇಪ್’ ಅನ್ನುವುದು. ನಾಳೆ ಇನ್ಯಾರ ಮನೆಯೂ ಹೀಗೆ ಸಿಕ್ಕಿಬೀಳಬಾರದಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿ ಹೋಯಿತು. ‘ಸ್ವೀಕರಿಸಲಾಗಿದೆ, 412’ ಎಂಬ ಸಾಲು ಬಂತು. ತಂಗೆವ್ವನೂ ಅದರೊಳಗಿದ್ದಳು.

ಬಸಗೊಂಡಪ್ಪ ಚಹಾ ತರಿಸಿ ಕೇಳಿದರು: “ಅಲ್ಲಾ, ಒಟ್ಟ ಐದ ಸ್ಪೆಶಲ್ ಅಕ್ಷರ ಅದಾವಂದಿ. ಕಾರ್ಯದರ್ಶಿ ಬಸಗೊಂಡಪ್ಪ ಅನ್ನೂದ್ರಾಗ ಎಷ್ಟ ಬರತಾವ?”

“ಒಂದೂ ಇಲ್ರಿ ಕಾಕಾ. ಎಲ್ಲಾ ಸಾದಾ.”