ಬಿಸಿ ಆರೋತನಕ ಕೂತ್ಕೋ

ಮತ್ತಿಕೆರೆಯ ಬೀದಿಯಲ್ಲಿ ಹಾಲಿನ ಕ್ರೇಟುಗಳು ಇನ್ನೂ ಇಳಿಯುತ್ತಿವೆ. ಹೊಂಗೆ ಮರದ ಕೆಳಗಿನ ತಳ್ಳುಗಾಡಿಯಲ್ಲಿ ಸರ್ದಾರ್ ಚಾಚಾ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿ, ರಟ್ಟಿನಿಂದ ಗಾಳಿ ಹಾಕುತ್ತಿದ್ದಾರೆ. ಆಗಲೇ ಪಿ.ಜಿ.ಯಿಂದ ಓಡೋಡಿ ಬಂದ ಭಾಗ್ಯಶ್ರೀ ಒಂದು ನೀಲಿ ಕುರ್ತಾ ಮುಂದೆ ಹಿಡಿಯುತ್ತಾಳೆ. ಗದಗದ ಹುಡುಗಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇವತ್ತು ಅವಳಿಗೆ ಇಂಟರ್‌ವ್ಯೂ. ಹಿಂದೆ ಎರಡು ಕಡೆ ಪ್ರಶ್ನೆ ಕೇಳಿದ ಕೂಡಲೇ ಬಾಯಿ ಕಟ್ಟಿಹೋಗಿ ವಾಪಸು ಬಂದವಳು. ಇದೂ ಕೈತಪ್ಪಿದರೆ ರೂಮು ಖಾಲಿ ಮಾಡಿ ಊರಿಗೆ ಬರಬೇಕೆಂದು ಮನೆಯವರು ಹೇಳಿಬಿಟ್ಟಿದ್ದಾರೆ.

ಚಾಚಾ ಕುರ್ತಾ ತೀಡಿ ಮಡಚುತ್ತಾರೆ, ಆದರೆ ಕೊಡುವುದಿಲ್ಲ. ಗಾಡಿಯಡಿಯಿಂದ ಪ್ಲಾಸ್ಟಿಕ್ ಸ್ಟೂಲು ಎಳೆಯುತ್ತಾರೆ.

"ಕೂತ್ಕೋಮ್ಮಾ. ಬಿಸಿ ಬಟ್ಟೆ ಹಾಕ್ಕೊಂಡ್ರೆ ಮೈ ಬೆವರುತ್ತೆ, ಇಸ್ತ್ರಿ ಹಾಳಾಗುತ್ತೆ. ಹತ್ತು ನಿಮಿಷ ಆರ್ಲಿ. ಅಲ್ಲೀತನಕ ಹೇಳು, ನಿಮ್ಮಮ್ಮ ರೊಟ್ಟಿ ಹೆಂಗೆ ತಟ್ತಾರೆ?"

"ಕುದಿಯೋ ನೀರಾಗ ಹಿಟ್ಟು ಹಾಕಿ ನಾದ್ತಾಳ್ರಿ..." ಹುಡುಗಿಯ ದನಿ ಮೊದಲು ಮೆತ್ತಗೆ.

"ನಮ್ಮನೇಲಿ ಲಟ್ಟಣಿಗೇಲಿ ಲಟ್ಟಿಸ್ತಾರಪ್ಪ."

"ಅಯ್ಯ! ಲಟ್ಟಿಸಿದ್ದಕ್ಕ ರೊಟ್ಟಿ ಅಂತಾರೇನ್ರಿ ಚಾಚಾ?" ಭಾಗ್ಯಶ್ರೀ ಎರಡೂ ಕೈಯಲ್ಲಿ ಗಾಳಿಯಲ್ಲೇ ರೊಟ್ಟಿ ತಟ್ಟಿ ತೋರಿಸುತ್ತಾಳೆ. ಬೀದಿಗೆಲ್ಲ ಕೇಳುವಷ್ಟು ಜೋರು ಮಾತು, ಮೇಲೊಂದು ನಗು.

"ಇದೇ ಗಂಟಲು ತಾನೇ? ಇದನ್ನೇ ತಗೊಂಡೋಗು ಅಲ್ಲಿಗೂ" ಎಂದು ಚಾಚಾ ಕುರ್ತಾ ಕೈಗಿಡುತ್ತಾರೆ. ಅವಳು ಪಿ.ಜಿ.ಯತ್ತ ಓಡುತ್ತಾಳೆ.

ಅಷ್ಟರಲ್ಲಿ ಪೆಟ್ಟಿಗೆ ತಣ್ಣಗಾಗಿದೆ. ಎದುರು ಮನೆಯ ಯಶವಂತ್‌ಗೆ ಆಫೀಸಿನ ಅವಸರ. "ಏನ್ ಚಾಚಾ, ಬೆಳಬೆಳಗ್ಗೆ ಹರಟೇನಾ?" ಎಂದು ಗೊಣಗುತ್ತಾರೆ. ಚಾಚಾ ಇದ್ದಿಲು ಕೆದಕುತ್ತಾ, "ನಿಮ್ ಪ್ಯಾಂಟು ಎಲ್ಲೂ ಓಡೋಗಲ್ಲ ಸಾರ್" ಎನ್ನುತ್ತಾರೆ. ಚಾಚಾ ಬಗ್ಗೆ ಪೇಪರಿಗೆ ಬರೆಯಲೆಂದು ಬಂದು ಪಕ್ಕದಲ್ಲೇ ನಿಂತಿರುವ ನನಗೆ ನಗು ತಡೆಯಲಾಗುವುದಿಲ್ಲ.

ಚಾಚಾಗೆ ಅವರ ಅಪ್ಪನಿಂದ ಬಂದ ಗಾಡಿ ಇದು. ಈಗ ಪ್ರತಿ ರೂಮಿನಲ್ಲೂ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಇದೆ. ದಿನಕ್ಕೆ ನೂರು ಬಟ್ಟೆ ಬರುತ್ತಿದ್ದ ಕಡೆ ಐವತ್ತು ಬಂದರೆ ಪುಣ್ಯ. ಮಳೆ ಬಂದರೆ ಇದ್ದಿಲು ಹೊಗೆಯಾಡುತ್ತದೆ, ಚಳಿಗೆ ಮೊಣಕೈ ನೋಯುತ್ತದೆ. ಆದರೂ ಇಂಟರ್‌ವ್ಯೂ ದಿನ ಹುಡುಗ ಹುಡುಗಿಯರು ರೂಮಿನ ಪೆಟ್ಟಿಗೆ ಬಿಟ್ಟು ಇಲ್ಲಿಗೇ ಬರುತ್ತಾರೆ.

ಫ್ಲಾಸ್ಕಿನಲ್ಲಿ ಚಹಾ ತಂದ ಹೆಂಡತಿ ಅಕ್ಬರಿ ನನ್ನೆದುರು ಗುಟ್ಟು ರಟ್ಟು ಮಾಡುತ್ತಾರೆ. "ಬಟ್ಟೆ ಆರೋಕೆ ಎರಡು ನಿಮಿಷ ಸಾಕು ಕಣ್ರೀ. ಇವ್ರು ಎಲ್ರಿಗೂ ಹತ್ತು ನಿಮಿಷ ಅಂತ ಸುಳ್ಳು ಹೇಳಿ ಕೂರಿಸ್ಕೋತಾರೆ!"

ಚಾಚಾ ಕಳ್ಳ ಸಿಕ್ಕಿಬಿದ್ದಂತೆ ನಗುತ್ತಾರೆ. "ಮಕ್ಕಳು ಹೆದರಿರ್ತಾರೆ ಸಾರ್. ಅಪ್ಪ ಅಮ್ಮ ಊರಲ್ಲಿ. ಹೊರಡೋವಾಗ 'ಹೋಗ್ಬಾ' ಅನ್ನೋಕೆ ಯಾರಾದ್ರೂ ಬೇಕಲ್ವಾ? ಇದನ್ನ ಮಾತ್ರ ಪೇಪರಲ್ಲಿ ಹಾಕ್ಬೇಡಿ. ಗೊತ್ತಾದ್ರೆ ಒಬ್ರೂ ಕೂರಲ್ಲ."

ಮಧ್ಯಾಹ್ನ ನಮ್ಮ ಫೋಟೋಗ್ರಾಫರ್ ಬರುತ್ತಾರೆ. ಅಬ್ಬಾ, ಚಾಚಾ ಅವಸ್ಥೆ ನೋಡಬೇಕು! ಬಿಳಿ ಜುಬ್ಬಾ ತೀಡಿ ಬಿಸಿಬಿಸಿಯಾಗಿಯೇ ತೊಟ್ಟು ನಿಂತಿದ್ದಾರೆ. ಕ್ಯಾಮೆರಾ ಕಂಡದ್ದೇ ಹಣೆಯಲ್ಲಿ ಬೆವರು, ಕೈ ಎಲ್ಲಿಡಬೇಕೆಂದು ತಿಳಿಯದು. "ಮುಖ ಬೇಡ ಸಾರ್, ಪೆಟ್ಟಿಗೇದೇ ಒಂದು ತೆಗೀರಿ" ಎಂದು ಗೋಗರೆಯುತ್ತಾರೆ.

ಅದೇ ಹೊತ್ತಿಗೆ ಆಟೋದಿಂದ ನೀಲಿ ಕುರ್ತಾ ಇಳಿಯುತ್ತದೆ. ಕೈಯಲ್ಲಿ ಪೇಡೆಯ ಪೊಟ್ಟಣ.

"ಚಾಚಾ, ಆತ್ರಿ! ಸೋಮವಾರದಿಂದ ಬಾ ಅಂದಾರ!"

ಅಕ್ಬರಿ ಅವಳನ್ನು ತಬ್ಬಿಕೊಳ್ಳುತ್ತಾರೆ. ಚಾಚಾ ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒರೆಸಿಕೊಳ್ಳುತ್ತೇನೆ, ಅದರಲ್ಲೇನು ನಾಚಿಕೆ? ಪೇಡೆ ಹಂಚಿದ ಮೇಲೆ ಭಾಗ್ಯಶ್ರೀ ಚಾಚಾ ಬೆವರುತ್ತಿರುವುದನ್ನು ನೋಡುತ್ತಾಳೆ, ಕ್ಯಾಮೆರಾ ನೋಡುತ್ತಾಳೆ. ಗಾಡಿಯಡಿಯಿಂದ ಸ್ಟೂಲು ಎಳೆಯುತ್ತಾಳೆ.

"ಕೂಡ್ರಿ ಚಾಚಾ. ಜುಬ್ಬಾ ಬಿಸಿ ಐತಿ. ಹತ್ತು ನಿಮಿಷ ಆರ್ಲಿ."

ಚಾಚಾ ಬೆಚ್ಚಿ ನನ್ನತ್ತ ತಿರುಗುತ್ತಾರೆ, ನಾನೇ ಬಾಯಿಬಿಟ್ಟೆನೇನೋ ಎಂಬಂತೆ.

"ಎರಡು ನಿಮಿಷದಾಗ ಆರತೈತಿ ಅಂತ ನಮಗೆಲ್ಲಾರಿಗೂ ಮೊದಲಿಂದ ಗೊತ್ತೈತ್ರಿ" ಎಂದು ಭಾಗ್ಯಶ್ರೀ ನಗುತ್ತಾಳೆ. "ಆದ್ರೂ ಬಂದು ಕೂಡ್ತೀವ್ರಿ."