ನಿಧಾನದ ಸೈಕಲ್ಲಿಗೆ ನೆಟ್ಟಗಿನ ಚೈನು

ಎಲ್ಲರಿಗಿಂತ ಮೊದಲು ಗುರಿ ಮುಟ್ಟಿ ಮಾನ ಕಳೆದುಕೊಂಡವರನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ಡೊಂಬಿವಲಿಗೆ ಬನ್ನಿ. ನಾನಿದ್ದೇನೆ.

ನಮ್ಮ ಗಲ್ಲಿಯ ಗಣಪತಿ ಮಂಡಳದವರು ಪ್ರತಿವರ್ಷ ಹೆಂಗಸರಿಗೆ ಸ್ಲೋ ಸೈಕಲ್ ರೇಸ್ ಇಡುತ್ತಾರೆ. ಕಾಲು ನೆಲಕ್ಕೆ ತಾಗಬಾರದು, ಸೈಕಲ್ ಹಿಂದಕ್ಕೆ ಹೋಗಬಾರದು. ಕೊನೆಗೆ ಬಂದವಳೇ ಗೆದ್ದವಳು. ಹೋದ ವರ್ಷ ನಾನು ಬಿರುಗಾಳಿಯಂತೆ ಮೊದಲು ಬಂದೆ. (ಧಾರವಾಡದಲ್ಲಿ ಸೈಕಲ್ ಹೊಡೆದುಕೊಂಡು ಕಾಲೇಜಿಗೆ ಹೋದವಳು ನಾನು. ನಿಧಾನ ಯಾರು ಕಲಿಸಿದ್ದರು?) ಪ್ರತಿಸಲ ಗೆಲ್ಲುವ ಎದುರು ಬಿಲ್ಡಿಂಗಿನ ಮಂದಾತಾಯಿ ನಕ್ಕು, "ವಹಿನಿ, ತುಮ್ಹಾಲಾ ಘಾಯಿ ಫಾರ!" ಎಂದರು. ನಿಮಗೆ ಅವಸರ ಬಹಳ ಅಂತ. ಅಷ್ಟಕ್ಕೇ ಬಿಟ್ಟರೆ? ನಳದ ಹತ್ತಿರ, ರೇಷನ್ ಕ್ಯೂನಲ್ಲಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ವರ್ಷವಿಡೀ ಅದೇ ಮಾತು. ನನಗೋ ಮೈಯೆಲ್ಲ ಉರಿ.

ಈ ಸಲ ಒಂದು ಉಪಾಯ ಹೂಡಿದೆ. ಮೈದಾನದಲ್ಲಿ ಹಗಲು ರಾತ್ರಿ ಸೈಕಲ್ಲಿನಿಂದ ಇಳಿಯದೆ ಆಟ ತೋರಿಸುತ್ತಾರಲ್ಲ, ಅಂಥವರೊಬ್ಬರ ಸೈಕಲ್ ನೋಡಿದ್ದೆ. ಪೆಡಲ್ ನಿಂತರೂ ಗಾಲಿಯನ್ನು ಓಡಲು ಬಿಡುವ ಫ್ರೀವ್ಹೀಲೇ ಅದಕ್ಕಿರಲಿಲ್ಲ. ಪೆಡಲ್ ತಿರುಗಿದರೆ ಗಾಲಿ ತಿರುಗುತ್ತದೆ, ಪೆಡಲ್ ತಡೆದರೆ ಗಾಲಿ ನಿಲ್ಲುತ್ತದೆ. ಸ್ಲೋ ರೇಸಿಗೆ ಇನ್ನೇನು ಬೇಕು? ಕಲ್ಯಾಣದ ಅಂಗಡಿಯೊಂದರಲ್ಲಿ ಫ್ರೀವ್ಹೀಲ್ ತೆಗೆಸಿ ಫಿಕ್ಸ್ ಹಲ್ಲುಚಕ್ರ ಹಾಕಿಸಿಕೊಂಡು ಬಂದೆ. (ಮಂಡಳದವರನ್ನು ಕೇಳಿಯೇ ಮಾಡಿದ್ದು. ಮೋಸ ಗೀಸ ಅನ್ನಬೇಡಿ.)

ಆದರೆ ಪೆಡಲ್ ಒತ್ತಿ ತಡೆದೆನೋ ಇಲ್ಲವೋ, ಕಟಕ್! ಚೈನು ಕೆಳಗೆ. ರೇಸಿನಲ್ಲಿ ಹೀಗಾದರೆ ಕಾಲು ನೆಲಕ್ಕೆ, ಮಾನ ಮಣ್ಣಿಗೆ.

ನಮ್ಮವರು ಅಂಬರನಾಥದ ಕಾರ್ಖಾನೆಯಲ್ಲಿ ಫಿಟರ್. ನಟ್ಟು ತಿರುಗಿಸುವ ಪಾನಾ ಹಿಡಿದು ಬಂದರು.

"ಚೈನ್ ಸಡ್ಲ ಆಗೇದ. ಬಿಗಿ ಮಾಡಿದ್ರ ಮುಗೀತು."

ಬಿಗಿ ಮಾಡಿದರು. ಬಿತ್ತು. ಇನ್ನಷ್ಟು ಬಿಗಿ ಮಾಡಿದರು. ಪೆಡಲ್ ನರಳತೊಡಗಿತು, ಚೈನು ಮತ್ತೆ ಬಿತ್ತು. ನಮ್ಮೆಲ್ಲರ ರೋಗ ಇದೇ ಅಲ್ಲವೇ? ಮಕ್ಕಳು ಓದದಿದ್ದರೆ ಬಿಗಿ, ಸೊಸೆ ಎದುರಾಡಿದರೆ ಬಿಗಿ!

"ಈ ವರ್ಷ ಬ್ಯಾಡ ಬಿಡು. ಮುಂದಿನ ವರ್ಷ ನೋಡೋಣಂತ" ಎಂದು ಕೈ ಒರೆಸಿಕೊಂಡರು. ರೇಸ್ ಮರುದಿನವೇ ಇತ್ತು. ಅಂದರೆ ಇನ್ನೊಂದು ವರ್ಷ ಆ ಘಾಯಿ ಕೇಳಬೇಕೇ?

ಸಿಟ್ಟಿನಲ್ಲಿ ಒಳಗೆ ಹೋಗಿ ಹೊಲಿಗೆ ಮಷೀನಿನ ಮುಂದೆ ಕೂತೆ. ಕಾಲಲ್ಲಿ ತುಳಿಯುವ ಮಷೀನು. ಅದರ ಬೆಲ್ಟೂ ಕಳಚಿ ಬಿತ್ತು. (ಅದಕ್ಕೂ ಅದೇ ದಿನ ಬೇಕಿತ್ತು!) ಹಾಗೆ ಬಿದ್ದರೆ ನಾನು ಬೆಲ್ಟ್ ಬಿಗಿ ಮಾಡುವುದಿಲ್ಲ. ಮೇಲಿನ ಚಕ್ರ, ಕೆಳಗಿನ ಚಕ್ರ ಒಂದೇ ನೇರಕ್ಕಿವೆಯೇ ಎಂದು ಮೊದಲು ಬಗ್ಗಿ ನೋಡುತ್ತೇನೆ. ಬಗ್ಗಿದವಳು ಹಾಗೇ ಉಳಿದುಬಿಟ್ಟೆ. ಅಯ್ಯೋ, ಸೈಕಲ್ಲಿಗೂ ಇದೇ ಅಲ್ಲವೇ?

ಓಡಿ ಬಂದು ಸೈಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದೆ. ಮುಂದಿನ ಹಲ್ಲುಚಕ್ರ ಹೊರಗೆ, ಹೊಸದಾಗಿ ಹಾಕಿಸಿದ ಹಿಂದಿನದು ಒಳಗೆ. ನಡುವೆ ಚೈನು ಸೊಟ್ಟಗೆ ಓಡುತ್ತಿತ್ತು.

"ರೀ, ಇದಕ್ಕ ಬಿಗಿ ಬ್ಯಾಡ್ರಿ, ನೆಟ್ಟಗ ಆಗಬೇಕು ನೋಡ್ರಿ!"

ಅವರು ದಾರ ಹಿಡಿದು ನೋಡಿದರು. "ಹೌದಲ್ಲ! ನನ್ನ ಬುದ್ಧಿಗೇನ್ ಮಂಕು ಬಡದಿತ್ತು?" ಎಂದವರೇ ಗಾಲಿ ಬಿಚ್ಚಿ, ಹಲ್ಲುಚಕ್ರದ ಹಿಂದೆ ದಪ್ಪ ವಾಷರೊಂದನ್ನು ಕೂರಿಸಿ ಅದನ್ನು ಹೊರಕ್ಕೆ ತಂದರು. ಚೈನು ನೆಟ್ಟಗಾಯಿತು. ಎಷ್ಟು ತಡೆದರೂ ಬೀಳಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

ಭಾನುವಾರ, ಟೀವಿ ಸಿನಿಮಾಕ್ಕೆ ಮೊದಲೇ ಮುಗಿಸಬೇಕೆಂದು ರೇಸ್ ಬೇಗ ಶುರುವಾಯಿತು. ಉಳಿದವರೆಲ್ಲ ಕಾಲೂರಿ ಹೊರಬಿದ್ದರು. ಕೊನೆಗೆ ನಾವಿಬ್ಬರೇ. ಮಂದಾತಾಯಿ ಬ್ರೇಕ್ ಹಿಡಿದು, ಹ್ಯಾಂಡಲ್ ಅಲ್ಲಾಡಿಸಿ ಸರ್ಕಸ್ ಮಾಡುತ್ತಿದ್ದರು. ನಾನು ಪೆಡಲ್ ತಡೆದೆ, ತುಸು ಬಿಟ್ಟೆ, ಮತ್ತೆ ತಡೆದೆ. ಚೈನು ತುಟಿಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಮಂದಾತಾಯಿಯ ಸೈಕಲ್ ವಾಲಿತು. ಬೀಳುವುದನ್ನು ತಪ್ಪಿಸಿಕೊಳ್ಳಲು ಜೋರಾಗಿ ತುಳಿದರು, ಗೆರೆ ದಾಟಿಯೇಬಿಟ್ಟರು!

ನಾನಿನ್ನೂ ಅರ್ಧ ದಾರಿಯಲ್ಲಿದ್ದೆ. ನಮ್ಮವರು ಜನರ ನಡುವೆ ಪಾನಾ ಎತ್ತಿ ಕುಣಿಯುತ್ತಿದ್ದರು. ನಾನು ಸಾವಕಾಶವಾಗಿ ಗೆರೆ ಮುಟ್ಟಿ, ಇಳಿದು, ಸೆರಗು ಸರಿಮಾಡಿಕೊಂಡು, ಇಡೀ ವರ್ಷ ನಾಲಿಗೆ ತುದಿಯಲ್ಲಿದ್ದ ಪ್ರಶ್ನೆ ಕೇಳಿದೆ.

"ಮಂದಾತಾಯಿ, ತುಮ್ಹಾಲಾ ಏವಢೀ ಘಾಯಿ ಕಸಲೀ?" ನಿಮಗೆ ಇಷ್ಟೊಂದು ಅವಸರ ಯಾತಕ್ಕೆ ಅಂತ.