ಡಾಕ್ಟರು ಕಲಿಸದೆ ಬಿಟ್ಟದ್ದು

ನಮ್ಮ ಡಾಕ್ಟರು ಮಂತ್ರಿಯಾದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಮಂತ್ರಿಯಾಗುವ ಮೊದಲು ಹದಿನೆಂಟು ವರ್ಷ ಅವರ ಕೈಯಲ್ಲಿ ಬೈಸಿಕೊಂಡವಳು ನಾನು. ಆದ್ದರಿಂದ ನನ್ನದನ್ನೂ ಸ್ವಲ್ಪ ಕೇಳಬೇಕು.

ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗಲಿ. ಮುಂದಿನ ಕೋಣೆಯಲ್ಲಿ ಅವರ ಮೇಜು, ರೋಗಿ ಮಲಗುವ ಉದ್ದ ಬೆಂಚು. ಹಿಂದಿನದು ಔಷಧದ ಕೋಣೆ. ನಾನು ಸೇರಿದ್ದು ಕಸ ಗುಡಿಸಲು, ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ. ಆರು ತಿಂಗಳಿಗೆ ಕಾಂಪೌಂಡರ್ ಜಗಳವಾಡಿ ಬಿಟ್ಟುಹೋದ. ಡಾಕ್ಟರು ಬೇರೆಯವನನ್ನು ಹುಡುಕುವ ಬದಲು ನನ್ನ ಪೊರಕೆ ಕಿತ್ತುಕೊಂಡು ಅಳತೆಯ ಗಾಜಿನ ಲೋಟ ಕೊಟ್ಟರು. ಓದು ಬರುವುದಿಲ್ಲ ಎಂದೆ. ಕಣ್ಣಿಲ್ಲವೇ, ಮೂಗಿಲ್ಲವೇ ಎಂದು ಗದರಿದರು. ಜ್ವರದ ಔಷಧಕ್ಕೆ ಹಳದಿ ಚೀಟಿ, ಹೊಟ್ಟೆಯದಕ್ಕೆ ಗುಲಾಬಿ, ಕೆಮ್ಮಿನದಕ್ಕೆ ಕಂದು ಅಂಟಿಸಿದರು. ವಿಷದಂಥವು ಮೇಲಿನ ಹಲಗೆಗೆ ಹೋದವು. ರೋಗಿಗಳು ಮನೆಯಿಂದ ತಂದ ಸೀಸೆಗೆ ಔಷಧ ತುಂಬಿ ಪಕ್ಕಕ್ಕೆ ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಪಟ್ಟಿಯಲ್ಲಿ ಎಷ್ಟು ಕಚ್ಚು ಕತ್ತರಿಸಿದೆಯೋ ಅಷ್ಟು ಹೊತ್ತಿನ ಔಷಧ. ಓದು ರೋಗಿಗಳಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ, ಕಚ್ಚು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಬರಬರುತ್ತ ನಾಡಿ ನೋಡುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದ್ದರೆ ಕೈಯಲ್ಲೇ ಅರಿಯುವುದು, ಎಲ್ಲ ಕಲಿಸಿದರು. ಊರವರು ನನ್ನನ್ನು ಸೀಸೆಯಕ್ಕ ಎಂದು ಕರೆಯತೊಡಗಿದರು. ಆ ಹೆಸರು ಕೇಳಿದರೆ ನನಗೆ ಒಳಗೊಳಗೇ ಹೆಮ್ಮೆ.

ಡಾಕ್ಟರಿಗೆ ಜನರ ಹೆಸರು ಮರೆಯುತ್ತಿತ್ತು, ಅವರ ಹೊಟ್ಟೆನೋವು ಮರೆಯುತ್ತಿರಲಿಲ್ಲ. ತಮ್ಮದೇ ಮದುವೆಯ ಮಾತಿಗೆಂದು ಒಂದು ಮನೆಗೆ ಹೋಗಿ, ಹುಡುಗಿಯ ಅಜ್ಜಿಯ ಮಂಡಿ ಪರೀಕ್ಷೆ ಮಾಡಿ, ಔಷಧ ಬರೆದುಕೊಟ್ಟು ಬಂದಿದ್ದರು. ಹುಡುಗಿ ಹೇಗಿದ್ದಳು ಎಂದು ಕೇಳಿದರೆ, ಎಡಮಂಡಿಯಲ್ಲಿ ನೀರು ತುಂಬಿದೆ ಎಂದರು. ಮದುವೆಯ ಮಾತು ಅಲ್ಲಿಗೇ ನಿಂತಿತು.

ರಾಜಕೀಯಕ್ಕೆ ಅವರನ್ನು ಎಳೆದದ್ದು ಒಂದು ಬಾವಿ. ಪ್ರತಿ ಮಳೆಗಾಲದಲ್ಲಿ ಚರಂಡಿ ನೀರು ಅದಕ್ಕೆ ಇಳಿದು ಊರಿಗೆ ಊರೇ ವಾಂತಿಭೇದಿಯಿಂದ ಮಲಗುತ್ತಿತ್ತು. ಬಾವಿಗೆ ಕಟ್ಟೆ ಕಟ್ಟಿಸಿ ಎಂದು ಅವರು ಕಚೇರಿಗೆ ಬರೆದ ಕಾಗದಗಳಿಗೆ ಲೆಕ್ಕವಿಲ್ಲ. ಹನ್ನೆರಡನೆಯ ವರ್ಷವೂ ಉತ್ತರ ಬರದಿದ್ದಾಗ, ಕಾಗದ ಓದುವವರ ಕುರ್ಚಿಯಲ್ಲಿ ತಾವೇ ಹೋಗಿ ಕೂರುವುದಾಗಿ ಹೇಳಿದರು. ತಮಾಷೆಗೆ ಅಂದದ್ದು ಎಂದುಕೊಂಡೆ. ಚುನಾವಣೆಗೆ ನಿಂತೇ ಬಿಟ್ಟರು. ಒಮ್ಮೆ ಸೋತು ಮರುಬಾರಿ ಗೆದ್ದರು. ಭಾಷಣದ ನಡುವೆ ಯಾರಾದರೂ ಕೆಮ್ಮಿದರೆ ಮಾತು ನಿಲ್ಲಿಸಿ, ಎಷ್ಟು ದಿನದಿಂದ ಈ ಕೆಮ್ಮು ಎಂದು ಮೈಕಿನಲ್ಲೇ ಕೇಳುತ್ತಿದ್ದರು. ಓಟು ಹಾಕದಿದ್ದರೆ ಕಹಿ ಔಷಧ ಕುಡಿಸುತ್ತಾರೆಂದು ಹೆದರಿ ಜನ ಗೆಲ್ಲಿಸಿದ್ದಾರೆ ಎಂದು ನನ್ನಮ್ಮ ನಗುತ್ತಿದ್ದಳು.

ಮೂರು ವರ್ಷಕ್ಕೆ ಆರೋಗ್ಯ ಮಂತ್ರಿಯಾದರು. ಆಸ್ಪತ್ರೆಗೆ ಹೊಸ ಲೇಡಿ ಡಾಕ್ಟರು ಬಂದಿದ್ದರು, ಔಷಧದ ಕೋಣೆಯಲ್ಲಿ ಮಾತ್ರ ನಾನೇ. ಪಕ್ಕದ ಊರಿನಲ್ಲಿ ಒಬ್ಬ ಸೂಜಿಯವನಿದ್ದ. ಏನೂ ಓದದೆ ಇಪ್ಪತ್ತು ವರ್ಷದಿಂದ ಸಿಕ್ಕಸಿಕ್ಕವರಿಗೆ ಇಂಜೆಕ್ಷನ್ ಚುಚ್ಚುತ್ತಿದ್ದ. ಅವನ ಸೂಜಿಯಿಂದ ಒಂದು ಮಗುವಿನ ಕಾಲು ಬತ್ತಿಹೋಗಿತ್ತು. ಇನ್ನು ಮೇಲೆ ಪರೀಕ್ಷೆ ಪಾಸಾಗದವರು ಔಷಧ ಮುಟ್ಟುವಂತಿಲ್ಲ, ಈಗಾಗಲೇ ಕೆಲಸದಲ್ಲಿರುವವರಿಗೆ ಒಂದು ವರ್ಷ ಗಡುವು ಎಂದು ನಮ್ಮ ಡಾಕ್ಟರು ಕಾನೂನು ತಂದರು. ರೇಡಿಯೋದಲ್ಲಿ ಸುದ್ದಿ ಕೇಳಿ, ಬಂದ ರೋಗಿಗಳಿಗೆಲ್ಲ ಸಕ್ಕರೆ ಹಂಚಿದವಳು ನಾನೇ.

ಹದಿನೈದು ದಿನಕ್ಕೆ ಆದೇಶದ ಕಾಗದ ಬಂತು. ಲೇಡಿ ಡಾಕ್ಟರು ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಬರೆಯುವ ಪರೀಕ್ಷೆ. ನಾನೋ, ಹೆಬ್ಬೆಟ್ಟು ಒತ್ತಿ ಸಂಬಳ ತೆಗೆದುಕೊಳ್ಳುವವಳು. ವರ್ಷ ಕಳೆದರೆ ಮತ್ತೆ ಪೊರಕೆ ಹಿಡಿಯಬೇಕು. ದೀಪದ ಕೆಳಗೇ ಕತ್ತಲು ಎಂದು ಅಮ್ಮ ಗೊಣಗಿದಳು. ನಾನು ಸೀರೆ ಬದಲಾಯಿಸಿ ರಾಜಧಾನಿಯ ಬಸ್ಸು ಹತ್ತಿದೆ.

ಅವರ ಕಚೇರಿಯ ಹೊರಗೂ ನಮ್ಮ ಜಗಲಿಯ ಹಾಗೇ ಬೆಂಚು, ಬೆಂಚಿನ ತುಂಬ ಜನ. ಒಳಗೆ ಕರೆದು ಡಾಕ್ಟರು ಮೊದಲು ಕೇಳಿದ್ದು ಅಮ್ಮನ ಸೊಂಟನೋವನ್ನು. ನಾನು ಬಂದ ಕಾರಣ ಹೇಳಿದೆ. ಅವರ ಮುಖ ಸಪ್ಪಗಾಯಿತು. ಕಾನೂನು ಬರೆಯುವಾಗ ನನ್ನ ನೆನಪೇ ಆಗಲಿಲ್ಲವಂತೆ. ನಾನು ಓದದವಳು ಎಂಬುದೇ ಅವರಿಗೆ ಮರೆತುಹೋಗಿತ್ತಂತೆ. ತಕ್ಷಣ ಪೆನ್ನು ತೆಗೆದರು.

"ಒಂದು ಸಾಲು ಸೇರಿಸಿದ್ರೆ ಆಯ್ತು. ಹತ್ತು ವರ್ಷ ಕೆಲಸ ಮಾಡಿದವರಿಗೆ ಪರೀಕ್ಷೆ ಬೇಡ."

"ಸೂಜಿಯವನು ಎಷ್ಟು ವರ್ಷದಿಂದ ಮಾಡ್ತಿದ್ದಾನೆ ಡಾಕ್ಟ್ರೇ?"

ಪೆನ್ನು ಕೆಳಗಿಟ್ಟರು. ನನ್ನನ್ನು ಉಳಿಸುವ ಸಾಲು ಅವನನ್ನೂ ಉಳಿಸುತ್ತಿತ್ತು. ಬೇರೆ ದಾರಿ ಇಲ್ಲ, ಪರೀಕ್ಷೆಗೆ ಕೂತುಕೊ ಎಂದರು. ನನಗೆ ಎಲ್ಲಿತ್ತೋ ಆ ಸಿಟ್ಟು.

"ಯಾವ ಕೈಯಲ್ಲಿ ಬರೀಲಿ? ಹದಿನೆಂಟು ವರ್ಷ ಎಲ್ಲಾ ಕಲಿಸಿದ್ರಿ. ಊರೂರು ತಿರುಗಿ ಹೆಣ್ಣುಮಕ್ಕಳನ್ನ ಓದಿಸಿ ಅಂತ ಭಾಷಣ ಮಾಡಿದ್ರಿ. ನನಗೆ ಯಾಕೆ ಅಕ್ಷರ ಕಲಿಸ್ಲಿಲ್ಲ?"

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಸುಳ್ಳು ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ.

"ಕಲಿಸಿದ್ರೆ ನೀನು ಹೋಗಿಬಿಡ್ತಿದ್ದೆ," ಅಂದರು. "ಪಟ್ಟಣದ ದೊಡ್ಡಾಸ್ಪತ್ರೆಯವರು ನಿನ್ನಂಥವಳನ್ನ ಬಿಡ್ತಿದ್ರಾ? ಆಮೇಲೆ ನಾನೊಬ್ಬನೇ ಅಲ್ಲಿ ಏನು ಮಾಡ್ಲಿ?"

ತರಿಸಿದ ಕಾಫಿ ಮುಟ್ಟದೆ ಎದ್ದು ಬಂದೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದೆ, ಅತ್ತೆ, ಮತ್ತೆ ಬೈದೆ. ದೇವರಂಥವರು ಎಂದುಕೊಂಡಿದ್ದೆ. ದೇವರಾಗಿರಲಿಲ್ಲ. ಒಬ್ಬನೇ ಉಳಿಯಲು ಹೆದರುವ ಮನುಷ್ಯ, ಅಷ್ಟೇ.

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಂತ್ರಿಗಳ ಕಾರು ನಮ್ಮ ಬಾಗಿಲಿಗೆ ಬಂತು. ಅಮ್ಮ ಗಾಬರಿಯಾಗಿ ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಅವರು ನೆಲದ ಮೇಲೆ ಕೂತು ಸ್ಲೇಟು ತೆಗೆದರು. ಕ್ಷಮಿಸು ಎಂದು ಕೇಳಲಿಲ್ಲ, ಕ್ಷಮಿಸಿದೆ ಎಂದು ನಾನೂ ಹೇಳಲಿಲ್ಲ. ಅಂಥ ಕೆಟ್ಟ ಮೇಷ್ಟ್ರನ್ನು ನಾನು ಕಂಡಿಲ್ಲ. ಒಂದು ಒತ್ತಕ್ಷರ ತಪ್ಪಿದರೆ ರೋಗಿಯೇ ಸತ್ತನೋ ಎಂಬಂತೆ ಕೂಗಾಡುತ್ತಿದ್ದರು. ಆದರೂ ಭಾನುವಾರ ತಪ್ಪಿಸಲಿಲ್ಲ. ಈಗ ಆ ಭಾನುವಾರಗಳನ್ನು ನೆನೆದರೆ, ಅಷ್ಟು ಚೆನ್ನಾಗಿ ಯಾರೂ ನನ್ನನ್ನು ಬೈದಿಲ್ಲ ಅನಿಸುತ್ತದೆ.

ವರ್ಷದ ಕೊನೆಗೆ ಪರೀಕ್ಷೆ ಬರೆದೆ. ನಾಲ್ಕು ಅಂಕ ಕಡಿಮೆಯಾಗಿ ಫೇಲಾದೆ. ಕಾನೂನು ಕಾನೂನೇ, ಔಷಧದ ಕೋಣೆ ಬಿಟ್ಟುಕೊಟ್ಟೆ. ಲೇಡಿ ಡಾಕ್ಟರು ಸಂಕೋಚಪಡುತ್ತಲೇ ಗುಡಿಸುವ ಕೆಲಸ ಕೊಟ್ಟರು. ನನ್ನದಾಗಿದ್ದ ಕೋಣೆಯನ್ನು ಒಂದು ವರ್ಷ ಗುಡಿಸಿದೆ. ಮಂತ್ರಿಗಳು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು ಎಂದು ಊರವರೆಲ್ಲ ಅಂದರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಭಾನುವಾರ ಮಾತ್ರ ಬರುತ್ತಿದ್ದರು.

ಆ ವರ್ಷವೇ ಚುನಾವಣೆ ಬಂತು. ಸೂಜಿಯವನು ತನ್ನಂಥವರನ್ನೆಲ್ಲ ಕಟ್ಟಿಕೊಂಡು, ಬಡವರ ಹೊಟ್ಟೆಗೆ ಹೊಡೆದ ಮಂತ್ರಿ ಎಂದು ಮನೆಮನೆ ತಿರುಗಿದ. ನನ್ನ ಕೈಯಲ್ಲಿದ್ದ ಪೊರಕೆಯನ್ನೇ ಜನರಿಗೆ ತೋರಿಸಿ ಓಟು ಕೇಳಿದ. ನಮ್ಮ ಡಾಕ್ಟರು ಸೋತು, ಒಂದು ಪೆಟ್ಟಿಗೆ ಹಿಡಿದು ಊರಿಗೆ ಬಂದರು. ಲೇಡಿ ಡಾಕ್ಟರಿಗೆ ವರ್ಗವಾಗಿತ್ತು. ನಮ್ಮ ಡಾಕ್ಟರು ಹಳೆಯ ಮೇಜಿಗೇ ಬಂದು ಕೂತರು. ಕೈ ಸಣ್ಣಗೆ ನಡುಗುತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಹೊಲಿಗೆ ಹಾಕಬೇಕಾದಾಗ ನನ್ನ ಕಡೆ ನೋಡಿ, ತಟ್ಟನೆ ಕಾನೂನು ನೆನಪಾಗಿ ಮುಖ ತಿರುಗಿಸಿ, ತಾವೇ ಹಾಕುತ್ತಿದ್ದರು.

ಎರಡನೆಯ ಸಲ ಪಾಸಾದೆ. ತಿಂಗಳೊಳಗೆ ಪಟ್ಟಣದ ದೊಡ್ಡಾಸ್ಪತ್ರೆಯಿಂದ ಕೆಲಸಕ್ಕೆ ಬಾ ಎಂದು ಕಾಗದ ಬಂತು. ಅವರ ಮೇಜಿನ ಮುಂದೆ ನಿಂತು ನಾನೇ ಅದನ್ನು ಓದಿದೆ. ಓದುತ್ತ ಓದುತ್ತ ಕಾದೆ. ಇಲ್ಲೇ ಇರು ಎಂಬ ಒಂದು ಮಾತು ಬಂದಿದ್ದರೆ ಇದ್ದುಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಅದು ಅವರಿಗೂ ಗೊತ್ತಿತ್ತು. ಒಂದು ಅಕ್ಷರ ತಪ್ಪಿದ್ದೀಯ ಎಂದು ಬೈದು, ಯಾವಾಗ ಹೊರಡಬೇಕು ಎಂದು ಕೇಳಿದರು.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ಬಂದರು. ನನ್ನ ಚೀಲ ತಾವೇ ಹಿಡಿದುಕೊಂಡು ನಿಂತಿದ್ದರು. ಬಸ್ಸೊಂದು ಬಂದು ನಿಂತಿತು. ಅವರು ಕಣ್ಣು ಕಿರಿದು ಮಾಡಿ ನೋಡಿದರು, ಕಾಣಲಿಲ್ಲ.

"ಬೋರ್ಡಲ್ಲಿ ಏನು ಬರೆದಿದೆ, ನೋಡು."

ಓದಿ ಹೇಳಿದೆ.

"ಹಾಗಾದ್ರೆ ನಿನ್ನದೇ," ಎಂದು ಚೀಲವನ್ನು ನನ್ನ ಕೈಗಿಟ್ಟರು. "ಹತ್ತು, ಹತ್ತು. ಸೀಟು ಹೋಗುತ್ತೆ."